ತಮಟೆ ಕಾಯಿಸುವುದು ಎಲ್ಲಿ? ಸ್ಟುಡಿಯೋದಲ್ಲಿ ಆಲ್ಬಂ ಮಾಡಹೊರಟ ಮೇಳಗಳಿಗೊಂದು ಸಮಗ್ರ ಮಾರ್ಗದರ್ಶಿ

ಮೊದಲ ಆಲ್ಬಂಗೆಂದು ಬೆಂಗಳೂರಿನ ಸ್ಟುಡಿಯೋ ಒಂದರ ಮೂರನೆಯ ಮಹಡಿ ಹತ್ತಿದ ದಿನ, ನಮ್ಮ ಮೇಳದ ತಮಟೆಯ ಅಣ್ಣ ಸುತ್ತ ಕಣ್ಣಾಡಿಸಿ ಕೇಳಿದ ಮೊದಲ ಮಾತು: "ಬೆಂಕಿ ಹಾಕುವುದು ಎಲ್ಲಪ್ಪಾ?" ನೆಲಕ್ಕೆ ಕಾರ್ಪೆಟ್, ಗೋಡೆಗೆ ಬಟ್ಟೆ ಹೊದಿಸಿದ ಹಲಗೆ, ಸೂರಿನಲ್ಲಿ ಹೊಗೆ ಕಂಡರೆ ಕೂಗುವ ಯಂತ್ರ. ಬೆಂಕಿಪೊಟ್ಟಣ ತೆಗೆದರೂ ಹೊರಗೆ ಕಳಿಸುವಂತಿದ್ದರು. ಕೆಳಗಿಳಿದು ಕಟ್ಟಡದ ಹಿಂದೆ ಹಳೆಯ ಪತ್ರಿಕೆ ಉರಿಸಿ, ಚರ್ಮ ಬಿಗಿಯಲೆಂದು ತಮಟೆ ಕಾಯಿಸಿದೆವು. ಠಣ್ ಎಂದಿತು. ಮೂರು ಮಹಡಿ ಹತ್ತಿ, ಎಸಿ ಕೋಣೆಗೆ ಬಂದು, ಮೈಕ್ ಸರಿಪಡಿಸಿ, ಹೆಡ್‌ಫೋನ್ ಏರಿಸುವಷ್ಟರಲ್ಲಿ ಚರ್ಮ ಸಡಿಲವಾಗಿ ದಬ್ ಎಂದಿತು. ಹೀಗೆ ಐದು ಸಲ ಇಳಿದು ಹತ್ತಿದೆವು. ಗಂಟೆ ಲೆಕ್ಕದ ಬಾಡಿಗೆ ಮಾತ್ರ ಒಂದೇ ಸಮನೆ ಓಡುತ್ತಿತ್ತು.

ನಾನು ಶಿಡ್ಲಘಟ್ಟದ ಹತ್ತಿರದವನು, ಹಾರ್ಮೋನಿಯಂ ನುಡಿಸುವವನು. ನಮ್ಮದು ತತ್ವಪದ ಹಾಡುವ ಎಂಟು ಜನರ ಮೇಳ. ಆ ಆಲ್ಬಂ ಕೈಸುಟ್ಟುಕೊಂಡು ಮಾಡಿದ್ದು; ಎರಡನೆಯದನ್ನು ಏಳು ಹಾಡುಗಳೊಂದಿಗೆ ನಾಲ್ಕು ದಿನಗಳಲ್ಲಿ ಮುಗಿಸಿದೆವು. ಆ ಎರಡರ ನಡುವೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯಿಂದ ವಾದ್ಯ ಕಟ್ಟಿಕೊಂಡು ಹೊರಡುವ ಭಜನೆ ಮೇಳ, ಜನಪದ ತಂಡ, ರಂಗಗೀತೆಯವರಿಗೆ ಇದು ಉಪಯೋಗಕ್ಕೆ ಬರಬಹುದು. ಕಂಪ್ಯೂಟರಿನ ಮುಂದೆ ಒಬ್ಬರೇ ಕುಳಿತು ಹಾಡು ಕಟ್ಟುವವರಿಗೆ ಇದರಲ್ಲಿ ಹೆಚ್ಚೇನೂ ಸಿಗದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ ನಮ್ಮ ಸಂಗೀತ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಟ್ಟಿಗೆ ಕುಳಿತು ಆಗುವ ಕೆಲಸ. ಸ್ಟುಡಿಯೋ ಅದನ್ನು ಬಿಡಿಬಿಡಿಯಾಗಿ ಹಿಡಿಯಲು ಕಟ್ಟಿದ ಜಾಗ. ಯಾವುದನ್ನು ಬಿಡಿಸಬಹುದು, ಯಾವುದನ್ನು ಬಿಡಿಸಿದರೆ ಹಾಡಿನ ಪ್ರಾಣವೇ ಹೋಗುತ್ತದೆ ಎಂಬುದನ್ನು ಊರಿನಲ್ಲಿರುವಾಗಲೇ ತೀರ್ಮಾನಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಆ ತೀರ್ಮಾನವನ್ನು ಗಡಿಯಾರ ಮಾಡುತ್ತದೆ.

1. ಹಾಡು ಆರಿಸುವುದು, ಕಾಗದ ಮಾಡಿಕೊಳ್ಳುವುದು

ಬೇಕಾದ್ದಕ್ಕಿಂತ ಎರಡು ಹಾಡು ಹೆಚ್ಚಿಗೆ ಕಟ್ಟಿಕೊಳ್ಳಿ, ಅಷ್ಟು ಸಾಕು. ಆರಿಸುವುದಕ್ಕಿಂತ ಕಷ್ಟದ ಕೆಲಸ, ಪ್ರತಿ ಹಾಡಿನ ಸಾಹಿತ್ಯ ಯಾರದು, ಮಟ್ಟು ಯಾರದು ಎಂದು ಬರೆದಿಡುವುದು.

ನಮ್ಮ ಕಡೆ ಹಿಂದಿನ ಸಂತಕವಿ ಕೈವಾರ ತಾತಯ್ಯನವರ ಪದಗಳನ್ನು ಹಾಡದ ಮೇಳವೇ ಇಲ್ಲ. ತೆಲುಗಿನಲ್ಲೂ ಕನ್ನಡದಲ್ಲೂ ಇರುವ ಆ ಪದಗಳಿಗೆ ಈಗ ಯಾರ ಕೃತಿಸ್ವಾಮ್ಯವೂ ಇಲ್ಲ. ಬರೆದವರು ತೀರಿಕೊಂಡು 60 ವರ್ಷ ಕಳೆದ ಮೇಲೆ ಸಾಹಿತ್ಯದ ಹಕ್ಕು ಮುಗಿಯುತ್ತದೆ. ಆದರೆ ಪದ ಹಳೆಯದಾದರೂ ಮಟ್ಟು ಹೊಸದಿರಬಹುದು. ಕ್ಯಾಸೆಟ್ ಕಾಲದಲ್ಲಿ ಯಾರೋ ಒಬ್ಬರು ರಾಗ ಹಾಕಿದ್ದನ್ನು ನಾವು 'ಹಿಂದಿನವರದು' ಎಂದುಕೊಂಡಿರುತ್ತೇವೆ. ನಮ್ಮ ಪಟ್ಟಿಯ ಎರಡು ಹಾಡುಗಳ ಮಟ್ಟು ಹೀಗೆಯೇ ಜೀವಂತವಿರುವ ಒಬ್ಬ ಹಾಡುಗಾರರದು ಎಂದು ಗೊತ್ತಾಯಿತು. ಹೋಗಿ ಕೇಳಿದೆವು, ಒಂದನ್ನು ಕೊಟ್ಟರು, ಇನ್ನೊಂದನ್ನು ತಾವೇ ಹಾಡಬೇಕೆಂದಿದ್ದೇನೆ ಎಂದರು. ಬಿಟ್ಟೆವು.

ಇನ್ನು ಮೇಳದ ಒಳಗಿನ ಕಾಗದ. ಅಣ್ಣತಮ್ಮಂದಿರ ಹಾಗಿರುವವರ ನಡುವೆ ಕಾಗದ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಅಣ್ಣತಮ್ಮಂದಿರಿಗೇ ಪಾಲುಪಟ್ಟಿ ಬೇಕಾಗುವುದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲೇ ಇರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ಓದಿಕೊಳ್ಳುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರು, ಮಟ್ಟು ಹಾಕಿದವರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಹಾಗೆ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಬೇರೆಯೇ ಇದೆ. ಧ್ವನಿಮುದ್ರಣದ ಹಕ್ಕು, ಅದನ್ನು ಮಾಡಿಸುವ ಹೊಣೆ ಹೊತ್ತವರದು. ಹಣವನ್ನು ಎಂಟು ಜನ ಹಾಕಿ ಓಡಾಟವನ್ನು ಒಬ್ಬನೇ ಮಾಡಿದ್ದರೆ ಆ 'ಹೊಣೆ ಹೊತ್ತವರು' ಯಾರು? ಇದಕ್ಕೆ ಉತ್ತರವನ್ನು ಚೆನ್ನಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ರುಜು ಹಾಕಿ. ಓದಲು ಬಾರದವರಿಗೆ ಓದಿ ಹೇಳಿ, ತೆಲುಗಿನವರಿಗೆ ತೆಲುಗಿನಲ್ಲಿ ಹೇಳಿ.

2. ಹುಳು ಮನೆಯ ತಾಲೀಮು

ಸ್ಟುಡಿಯೋ ತಾಲೀಮಿನ ಜಾಗವಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಆದರೂ ಎಲ್ಲರೂ ಅಲ್ಲಿಗೆ ಹೋಗಿಯೇ ಚರಣದ ಸಾಲು ಮರೆಯುತ್ತಾರೆ.

ನಮಗೆ ಒದಗಿದ್ದು ಗೆಳೆಯನ ರೇಷ್ಮೆ ಹುಳು ಸಾಕುವ ಮನೆ. ಒಂದು ಬೆಳೆ ಮುಗಿದು ಗೂಡು ಮಾರುಕಟ್ಟೆಗೆ ಹೋದ ಮೇಲೆ ಮುಂದಿನ ಚಾಕಿ (ಮರಿಹುಳು) ಬರುವವರೆಗೆ ಅದು ಖಾಲಿ. ಒಳಗೆ ಸಾಲಾಗಿ ನಿಲ್ಲಿಸಿದ ಸ್ಟ್ಯಾಂಡುಗಳು, ಗೋಡೆಗೆ ಒರಗಿಸಿದ ಚಂದ್ರಿಕೆಗಳು (ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳು) ಶಬ್ದವನ್ನು ನುಂಗಿಕೊಳ್ಳುತ್ತವೆ. ದೇವಸ್ಥಾನದ ಮಂಟಪದಂತೆ ಅನುರಣಿಸುವುದಿಲ್ಲ. ಅದೇ ನಮಗೆ ಬೇಕಾದದ್ದು. ಅನುರಣನವಿರುವ ಕಡೆ ಹಾಡಿದರೆ ತಪ್ಪುಗಳು ಮುಚ್ಚಿಹೋಗುತ್ತವೆ, ಸ್ಟುಡಿಯೋದ ಸಪ್ಪೆ ಕೋಣೆಗೆ ಹೋದಾಗ ಒಮ್ಮೆಲೇ ಬಯಲಾಗುತ್ತವೆ. ಎಚ್ಚರ ಇರಬೇಕಾದದ್ದು ಒಂದೇ ವಿಷಯಕ್ಕೆ: ಬೆಳೆ ಮುಗಿದೊಡನೆ ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ಶುದ್ಧಿ ಮಾಡುತ್ತಾರೆ. ಅದರ ಮಾರನೆಯ ದಿನವೇ ತಾಲೀಮು ಇಟ್ಟುಕೊಂಡು ನಮ್ಮ ಮುಖ್ಯ ಗಾಯಕಿ ವಾರವೆಲ್ಲ ಗಂಟಲು ಹಿಡಿದುಕೊಂಡು ಕುಳಿತರು. ಬಾಗಿಲು ಕಿಟಕಿ ತೆರೆದಿಟ್ಟು ನಾಲ್ಕೈದು ದಿನ ಗಾಳಿಯಾಡಲಿ.

ದಿನಾಂಕ ಗೊತ್ತುಮಾಡುವಾಗಲೂ ಹುಳುವಿನ ಪಂಚಾಂಗ ನೋಡಿ. ಹುಳು ನಾಲ್ಕನೆಯ ಜ್ವರ (ಪೊರೆ ಬಿಡುವ ಹೊತ್ತು) ದಾಟಿದ ಮೇಲೆ ಹಣ್ಣಾಗಿ ಗೂಡು ಕಟ್ಟುವವರೆಗೂ ಸೊಪ್ಪು ಹಾಕುವವರಿಗೆ ಪುರುಸೊತ್ತಿಲ್ಲ. ಕೋಲಾರದ ಕಡೆ ಟೊಮೆಟೊ ಕೀಳುವ ದಿನಗಳಲ್ಲೂ ಅಷ್ಟೇ. ಎಂಟು ಜನರಲ್ಲಿ ಒಬ್ಬರು ತಪ್ಪಿದರೂ ಆ ದಿನದ ಬಾಡಿಗೆ ನೀರಿಗೆ.

ತಾಲೀಮಿನಲ್ಲಿ ಮಾಡಲೇಬೇಕಾದ ಕೆಲಸವೆಂದರೆ ಹಾಡಿನ ಆಕಾರ ಗಟ್ಟಿಮಾಡುವುದು. ಭಜನೆ ಮನೆಯಲ್ಲಿ ಒಂದು ಪದವನ್ನು ಇಪ್ಪತ್ತು ನಿಮಿಷ ಹಾಡುತ್ತೇವೆ; ಸೊಲ್ಲನ್ನು ಎಷ್ಟು ಸಲ ಹಿಮ್ಮೇಳದವರು ಹಿಡಿಯಬೇಕೆಂಬುದು ಆ ರಾತ್ರಿಯ ಹುರುಪಿನ ಮೇಲೆ ಹೋಗುತ್ತದೆ. ಆಲ್ಬಂನಲ್ಲಿ ಅದು ಆರು ನಿಮಿಷವಾಗಬೇಕು. ಎತ್ತುಗಡೆ ಯಾರದು, ಪಲ್ಲವಿ ಎಷ್ಟು ಸಲ, ಯಾವ ಚರಣ ಬಿಡುವುದು, ತಮಟೆ ಗತ್ತು ಎಲ್ಲಿ ಬದಲಾಗುವುದು, ಮುಕ್ತಾಯಕ್ಕೆ ಸನ್ನೆ ಯಾರು ಕೊಡುವುದು ಎಂಬುದನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಅದೇ ಹಾಳೆ ಸ್ಟುಡಿಯೋಗೂ ಬರಲಿ. ಎಂಜಿನಿಯರಿಗೆ ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ.

ಪ್ರತಿ ತಾಲೀಮನ್ನೂ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಮಾರನೆಯ ದಿನ ಕೇಳಿ. ಮೆಟ್ರೊನೋಮ್ ಆ್ಯಪ್ ಹಿಡಿದು ಲಯವನ್ನೂ ಅಳೆಯಿರಿ. ನಮ್ಮ ಒಂದು ಹಾಡು ನಿಮಿಷಕ್ಕೆ 84 ಪೆಟ್ಟಿನಲ್ಲಿ ಹೊರಟು 96ರಲ್ಲಿ ಮುಗಿಯುತ್ತಿತ್ತು. ಇದು ತಪ್ಪೇ, ಅಲ್ಲವೇ ಎಂಬ ಜಗಳ ಮುಂದೆ ಬರುತ್ತದೆ.

3. ಶ್ರುತಿಯ ಸಂಸಾರ

ಹಾರ್ಮೋನಿಯಂ ಹಟಮಾರಿ ವಾದ್ಯ. ಏಕತಾರಿ, ಪಿಟೀಲು, ಗಿಟಾರ್ ಎಲ್ಲವನ್ನೂ ತಿರುಚಿ ಸರಿಮಾಡಬಹುದು. ನನ್ನ ಪೆಟ್ಟಿಗೆಯ ರೀಡುಗಳನ್ನು ಸ್ಟುಡಿಯೋದಲ್ಲಿ ಕುಳಿತು ಸರಿಮಾಡಲಾಗದು. ಹಾಗಾಗಿ ಹೊರಡುವ ಮೊದಲೇ ಟ್ಯೂನರ್ ಆ್ಯಪಿನಲ್ಲಿ ಅದನ್ನು ಪರೀಕ್ಷಿಸಿ. ನನ್ನದು 20 ಸೆಂಟ್ ಮೇಲಿತ್ತು, ಅಂದರೆ ಒಂದು ಅರ್ಧಸ್ವರದ ಐದನೇ ಒಂದು ಪಾಲು. ಒಬ್ಬನೇ ನುಡಿಸಿದರೆ ಯಾರಿಗೂ ತಿಳಿಯದು. ಕೀಬೋರ್ಡಿನ ಹುಡುಗ ಜೊತೆಗೂಡಿದ ಕೂಡಲೇ ಇಬ್ಬರ ನಡುವೆ ಜೇನುಹುಳ ಸೇರಿಕೊಂಡಂತೆ ಗುಂಯ್‌ಗುಡತೊಡಗಿತು. ಪರಿಹಾರ ಸುಲಭ: ಕೀಬೋರ್ಡಿನಲ್ಲಿ ಮೂಲ ಶ್ರುತಿಯನ್ನು 440 ಹರ್ಟ್ಸ್‌ನಿಂದ 445ಕ್ಕೆ ಏರಿಸಿಕೊಂಡ, ಪಿಟೀಲಿನವರು ಪೆಟ್ಟಿಗೆಗೆ ಸೇರಿಸಿಕೊಂಡರು. ಸಂಖ್ಯೆಯನ್ನು ಬರೆದಿಡಿ, ತಿಂಗಳ ನಂತರ ಕೊಳಲೊಂದನ್ನು ಸೇರಿಸಬೇಕೆನಿಸಿದರೆ ಅದು ಬೇಕಾಗುತ್ತದೆ.

ಮುಖ್ಯ ಗಾಯಕರ ಶ್ರುತಿಯನ್ನು ಬೆಳಗಿನ ಹತ್ತು ಗಂಟೆಯ ಗಂಟಲಿಗೆ ಗೊತ್ತುಮಾಡಿ. ರಾತ್ರಿ ಭಜನೆಯಲ್ಲಿ ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯಲ್ಲಿ ಲೀಲಾಜಾಲವಾಗಿ ಹಾಡುವವರು, ಮುಂಜಾನೆಯ ಮೊದಲ ಬಸ್ಸು ಹಿಡಿದು ಬಂದು ಅದೇ ಶ್ರುತಿಯಲ್ಲಿ ಹಾಡಲಾರರು. ಶ್ರುತಿಯನ್ನು ಅರ್ಧಸ್ವರ ಇಳಿಸಿದರೆ ಮಾನವೇನೂ ಹೋಗುವುದಿಲ್ಲ.

ತುಮಕೂರಿನ ರಂಗಗೀತೆಯವರಿಗೆ ಒಂದು ಕಿವಿಮಾತು. ಗುಬ್ಬಿ ಕಂಪನಿಯ ನಾಡಿನಲ್ಲಿ ಕಾಲಿನಿಂದ ತುಳಿಯುವ ಹಾರ್ಮೋನಿಯಂ ಮೇಲೆ ಪ್ರೀತಿ ಇನ್ನೂ ಉಳಿದಿದೆ. ಅದರ ದನಿಗೆ ನಾನೂ ಸೋತವನೇ. ಆದರೆ ತುಳಿಯುವ ಹಲಗೆಯ ಕಿರ್‌ಕಿರ್ ಸದ್ದು ನಾಟಕದ ಪ್ರೇಕ್ಷಕರಿಗೆ ಕೇಳಿಸದು, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕಿಗೆ ಪೂರ್ತಿ ಕೇಳಿಸುತ್ತದೆ. ಕೀಲುಗಳಿಗೆ ಎಣ್ಣೆ ಹಾಕಿ, ಕಾಲಿನ ಕೆಳಗೆ ಕಂಬಳಿ ಹಾಸಿ, ಪಾದರಕ್ಷೆ ಬಿಟ್ಟು ಕುಳಿತುಕೊಳ್ಳಿ.

4. ಸ್ಟುಡಿಯೋವನ್ನು ಕಣ್ಣಾರೆ ನೋಡುವುದು

ಫೋನಿನಲ್ಲಿ ಗೊತ್ತುಮಾಡಬೇಡಿ. ಚಿಂತಾಮಣಿಯಿಂದಲೋ ಕೋಲಾರದಿಂದಲೋ ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು ಒಂದು ಗಂಟೆಯ ಬಾಡಿಗೆಗಿಂತ ಕಡಿಮೆ.

ಮೊದಲು ನೋಡಬೇಕಾದದ್ದು ದುಬಾರಿ ಮೈಕುಗಳನ್ನಲ್ಲ, ಕೋಣೆಗಳನ್ನು. ಐದಾರು ಜನ ಕೂರುವ ಒಂದು ಹಾಲ್, ಅದಕ್ಕೆ ಗಾಜಿನ ಕಿಟಕಿಯಿಂದ ಕಾಣುವ ಇನ್ನೊಂದು ಕೋಣೆ ಇದೆಯೇ? ನಡುವೆ ಚಪ್ಪಾಳೆ ತಟ್ಟಿ ಕೇಳಿ. ಎಸಿ ನಿಲ್ಲಿಸಿ ಒಂದು ನಿಮಿಷ ಸುಮ್ಮನೆ ನಿಂತು, ಹೊರಗಿನ ಜನರೇಟರ್, ಮೇಲಿನ ಮಹಡಿಯ ಕುರ್ಚಿ ಎಳೆಯುವ ಸದ್ದು ಬರುತ್ತದೆಯೇ ಗಮನಿಸಿ. ಕಟ್ಟಡದ ನೆಲಮಹಡಿಯಲ್ಲಿದ್ದು ಹಿತ್ತಲಿದ್ದರೆ ನಮ್ಮಂಥವರಿಗೆ ಚಿನ್ನ. ಎರಡನೆಯ ಆಲ್ಬಂಗೆ ನಾವು ಹುಡುಕಿದ್ದೇ ಹಿತ್ತಲಿರುವ ಸ್ಟುಡಿಯೋವನ್ನು; ಮಾಲೀಕರಿಗೆ ಕಾರಣ ಹೇಳಿದಾಗ ನಕ್ಕರು, ಆಮೇಲೆ ತಾವೇ ಒಣ ತೆಂಗಿನಗರಿ ತಂದುಕೊಟ್ಟರು.

ಕೇಳಬೇಕಾದ ಪ್ರಶ್ನೆಗಳು: ಬಾಡಿಗೆ ಗಂಟೆಗೋ ಕಾಲ್‌ಶೀಟಿಗೋ, ಕಾಲ್‌ಶೀಟ್ ಎಂದರೆ ಎಷ್ಟು ಗಂಟೆ? ಮೈಕ್ ಜೋಡಿಸುವ ಸಮಯವೂ ಲೆಕ್ಕಕ್ಕೆ ಸೇರುತ್ತದೆಯೇ? ಎಂಜಿನಿಯರ್ ಸಂಬಳ ಅದರಲ್ಲೇ ಬರುತ್ತದೆಯೇ? ಏಕಕಾಲಕ್ಕೆ ಎಷ್ಟು ಮೈಕ್ ಹಿಡಿಯಬಹುದು, ಎಷ್ಟು ಜನರಿಗೆ ಹೆಡ್‌ಫೋನ್ ಇದೆ? ಕರೆಂಟ್ ಹೋದರೆ ಆ ಸಮಯ ಯಾರದು? ಮುದ್ರಿಸಿದ ಮೂಲ ಟ್ರ್ಯಾಕುಗಳನ್ನು (ಒಂದೊಂದು ಮೈಕಿನ ಬಿಡಿ ಮುದ್ರಿಕೆಗಳನ್ನು) ನಮಗೆ ಕೊಡುತ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಎದ್ದು ಬನ್ನಿ.

ಎಂಜಿನಿಯರ್ ಜೊತೆ ಅರ್ಧ ಗಂಟೆ ಮಾತಾಡಿ, ತಾಲೀಮಿನ ಮೊಬೈಲ್ ಮುದ್ರಿಕೆ ಕೇಳಿಸಿ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಎಂದರೆ ಈಗ ಎಲ್ಲರೂ ಗೌರವದಿಂದ ತಲೆಯಾಡಿಸುತ್ತಾರೆ. ಆದರೆ ಅದನ್ನು ಎದುರಿಗೆ ಕೂರಿಸಿಕೊಂಡು ಮುದ್ರಿಸಿದವರು ಕಡಿಮೆ. 'ಡ್ರಮ್ಸ್ ಹಾಗೇ ತಾನೆ' ಎನ್ನುವವರಿಗಿಂತ, 'ನಾನು ಕೇಳಿಲ್ಲ, ಒಮ್ಮೆ ಬಾರಿಸಿ ತೋರಿಸಿ' ಎನ್ನುವವರನ್ನು ಆರಿಸಿ.

5. ಒಟ್ಟಿಗೋ, ಬಿಡಿಯಾಗಿಯೋ

ಈಗ ಮೇಲೆ ಹೇಳಿದ ಜಗಳಕ್ಕೆ ಬರೋಣ. ಈಗಿನ ರೂಢಿ ಹೀಗೆ: ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಹಾಕುತ್ತಾರೆ, ಒಬ್ಬರು ದಾರಿ ತೋರುವ ಪೈಲಟ್ ಟ್ರ್ಯಾಕ್ ಹಾಡುತ್ತಾರೆ, ಆಮೇಲೆ ತಾಳವಾದ್ಯ, ಅದರ ಮೇಲೆ ಪಿಟೀಲು, ಕೊಳಲು, ಕೊನೆಗೆ ಮುಖ್ಯ ಗಾಯನ. ಒಬ್ಬರ ತಪ್ಪು ಇನ್ನೊಬ್ಬರನ್ನು ತಟ್ಟುವುದಿಲ್ಲ, ಎಲ್ಲಿ ಬೇಕೋ ಅಲ್ಲಿಂದ ಮತ್ತೆ ಮುದ್ರಿಸಬಹುದು. ಸಿನಿಮಾ ಹಾಡಿಗೆ, ಭಾವಗೀತೆಗೆ ಇದು ಸರಿಯೇ. ಬೇರೆ ಬೇರೆ ದಿನ ಬರುವ ಅತಿಥಿ ಕಲಾವಿದರಿಗೂ ಇದೇ ಅನುಕೂಲ.

ನಮ್ಮ ಮೊದಲ ಆಲ್ಬಂನ ನಾಲ್ಕು ಹಾಡುಗಳು ಹೀಗೇ ಆದವು. ತಾಳ ಗೆರೆ ಎಳೆದಂತೆ ನೇರವಾಗಿತ್ತು, ಶ್ರುತಿ ಶುದ್ಧವಾಗಿತ್ತು. ಊರಿಗೆ ತಂದು ಕೇಳಿಸಿದಾಗ ನಮ್ಮ ಹಿರಿಯ ಹಾಡುಗಾರ್ತಿ, "ಎಲ್ಲಾ ಸರಿಯಾಗಿದೆ, ಯಾರೂ ಇಲ್ಲ" ಎಂದರು. 84ರಿಂದ 96ಕ್ಕೆ ಏರುವುದು ನಮ್ಮ ಅಜಾಗರೂಕತೆಯಲ್ಲ. ಪದದ ಕೊನೆಯ ಚರಣಕ್ಕೆ ಬರುವಾಗ ಮೇಳವೇ ಹಾಗೆ ಏಳುತ್ತದೆ. ಕ್ಲಿಕ್ ಅದನ್ನು ಕಟ್ಟಿಹಾಕಿತ್ತು.

ಹಾಗಾಗಿ ನನ್ನ ಸಲಹೆ ಇದು. ಹಾಡು ಹೇಳಿಕೊಡುವವರು, ಹಿಮ್ಮೇಳದವರು, ಏಕತಾರಿ, ಚಿಟಿಕೆ, ಹಾರ್ಮೋನಿಯಂ ಒಂದೇ ಹಾಲ್‌ನಲ್ಲಿ, ಕ್ಲಿಕ್ ಇಲ್ಲದೆ, ಊರಿನಲ್ಲಿ ಕೂರುವ ಹಾಗೆಯೇ ಅರ್ಧವೃತ್ತದಲ್ಲಿ ಕುಳಿತು ಮುದ್ರಿಸಿ. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸ್ವಲ್ಪ ಸೋರುತ್ತದೆ, ಸೋರಲಿ. ತಮಟೆ ಮಾತ್ರ ಗಾಜಿನ ಆಚೆಯ ಕೋಣೆಗೆ ಹೋಗಬೇಕು. ಅದು ಹಾಲ್‌ನಲ್ಲಿದ್ದರೆ ಗಾಯಕರ ಮೈಕಿನಲ್ಲಿ ಗಾಯಕರಿಗಿಂತ ಹೆಚ್ಚು ತಮಟೆಯೇ ಇರುತ್ತದೆ. ಆದರೆ ಹಾಡು ಹೇಳಿಕೊಡುವವರ ಕೈ ತಮಟೆಯವರಿಗೆ ಕಾಣುವಂತೆ ಕೂರಿಸಿ. ಕಣ್ಣು ಸೇರಿದರೆ ಸಾಕು, ಕಿವಿಯದು ಆಮೇಲೆ ಸರಿಹೋಗುತ್ತದೆ.

ಪಿಟೀಲು, ಕೊಳಲು, ಗಿಟಾರ್, ಹೆಚ್ಚುವರಿ ಗೆಜ್ಜೆ, ಕಂಚಿನ ತಾಳ ಇವನ್ನು ಬೇರೆ ದಿನ ಸೇರಿಸಿ. ಕ್ಲಿಕ್ ಇಲ್ಲದೆ ಮುದ್ರಿಸಿದ್ದರಿಂದ ಅವರು ಗಣಿತ ಬಿಟ್ಟು ಕಿವಿ ಇಟ್ಟು ನುಡಿಸಬೇಕಾಗುತ್ತದೆ. ಹಾಡು ಆರಂಭವಾಗುವ ಮೊದಲು ಚಿಟಿಕೆಯವರು ಒಂದು ಆವರ್ತ ಎಣಿಸಿ ಕೊಟ್ಟಿರಲಿ. ಹಾಗೆ ಎಣಿಸಲು ಮರೆತ ಹಾಡಿಗೆ ನಮ್ಮ ಪಿಟೀಲಿನ ಮೇಷ್ಟ್ರು ಹನ್ನೊಂದು ಸಲ ಎತ್ತುಗಡೆ ತಪ್ಪಿದರು.

ಹೆಡ್‌ಫೋನ್ ಬೇಡವೆನ್ನುವ ಹಿರಿಯರಿಗೆ ಒತ್ತಾಯಿಸಬೇಡಿ. ಒಂದು ಕಿವಿಗೆ ಮಾತ್ರ ಹಾಕಿ ಇನ್ನೊಂದನ್ನು ಬಿಡಲಿ, ಖಾಲಿ ಕಡೆಯ ಸದ್ದನ್ನು ಎಂಜಿನಿಯರ್ ನಿಲ್ಲಿಸಲಿ. ಅವರ ಕಿವಿಗೆ ತಮ್ಮ ದನಿ ಹೆಚ್ಚು ಕೇಳಿಸಿದರೆ ಮೆಲ್ಲಗೆ ಹಾಡುತ್ತಾರೆ, ಕಡಿಮೆ ಕೇಳಿಸಿದರೆ ಕಿರುಚುತ್ತಾರೆ. ಮೊದಲ ಇಪ್ಪತ್ತು ನಿಮಿಷ ಇದನ್ನೇ ಸರಿಮಾಡಿ. ಒಬ್ಬರೇ ಹಾಡುವ ಉಗಾಭೋಗದಂಥ ಭಾಗಕ್ಕೆ ಕೋಣೆಯಲ್ಲಿ ಒಬ್ಬ ಕೇಳುಗನನ್ನು ಕೂರಿಸಿ. ನಮ್ಮ ತಾತ ಗೋಡೆಗೆ ಹಾಡಲಾರೆ ಎಂದು ಎದ್ದುಬಿಟ್ಟಿದ್ದರು. ಮೊಮ್ಮಗನನ್ನು ಎದುರಿಗೆ ಕೂರಿಸಿದೆವು, ಒಂದೇ ಟೇಕಿನಲ್ಲಿ ಮುಗಿಯಿತು.

6. ಮೈಕುಗಳು, ಬಳೆಗಳು

ಮೈಕ್ ಇಡುವುದು ಎಂಜಿನಿಯರ್ ಕೆಲಸವೇ ಸರಿ. ಆದರೂ ನಮ್ಮ ವಾದ್ಯದ ದನಿ ಎಲ್ಲಿಂದ ಹೊರಡುತ್ತದೆ ಎಂಬುದು ನಮಗೇ ಗೊತ್ತಿರುವುದು. ಹೇಳಿ.

ತಮಟೆಗೆ ಮೂರು ನಾಲ್ಕು ಅಡಿ ದೂರದಲ್ಲಿ ಒಂದು ಮೈಕ್, ಹಿಂಬದಿಗೆ ಇನ್ನೊಂದು. ಮುಂದಿನ ಚರ್ಮ ಒಳಗೆ ಹೋದಾಗ ಹಿಂದಿನ ಮೈಕಿಗೆ ಅದು ಹೊರಗೆ ಬಂದಂತೆ ಕಾಣುತ್ತದೆ. ಆದ್ದರಿಂದ ಒಂದು ಮೈಕಿನ ಪೋಲಾರಿಟಿಯನ್ನು, ಅಂದರೆ ಅದರ ಏರಿಳಿತದ ದಿಕ್ಕನ್ನು, ತಿರುಗಿಸದಿದ್ದರೆ ಎರಡೂ ಸೇರಿ ದನಿ ಸೊರಗುತ್ತದೆ. ದಪ್ಪ ಕೋಲಿನ ಗುಮ್ ಮತ್ತು ಉದ್ದ ಕಡ್ಡಿಯ ಚಟ್ ಎರಡೂ ಬೇರೆಬೇರೆ ಕೇಳಬೇಕು. ಬಾರಿಸುವವರು ಪರೀಕ್ಷೆಗೆಂದು ಮೆಲ್ಲಗೆ ಬಾರಿಸಿ, ಹಾಡಿನಲ್ಲಿ ಎರಡರಷ್ಟು ಜೋರಾಗಿ ಬಾರಿಸುತ್ತಾರೆ. ಲೆವೆಲ್ ನೋಡುವಾಗಲೇ ಕೊನೆಯ ಚರಣದ ಗತ್ತನ್ನು ಕೇಳಿ. ಮೀಟರಿನಲ್ಲಿ ಶಿಖರ ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲಲಿ. 24 ಬಿಟ್‌ನಲ್ಲಿ ಮುದ್ರಿಸುವಾಗ ತುಸು ಮೆತ್ತಗಿದ್ದರೆ ನಷ್ಟವಿಲ್ಲ, ಒಡೆದ ದನಿ ಮಾತ್ರ ಮತ್ತೆ ಕೂಡದು.

ಕಾಯಿಸುವ ಸಮಸ್ಯೆಗೆ ಉಪಾಯ: ಎರಡು ತಮಟೆ ತನ್ನಿ. ಒಂದು ಹಿತ್ತಲ ಬೆಂಕಿಯ ಬಳಿ, ಇನ್ನೊಂದು ಕೈಯಲ್ಲಿ. ಪ್ರತಿ ಟೇಕಿಗೂ ಬದಲಿಸಿ. ಹಿತ್ತಲಿಲ್ಲದಿದ್ದರೆ ಪ್ಯಾಸೇಜಿನಲ್ಲಿ ಎಲೆಕ್ಟ್ರಿಕ್ ರೂಮ್ ಹೀಟರ್ ಇಟ್ಟು ಒಂದಡಿ ದೂರದಲ್ಲಿ ಹಿಡಿಯಬಹುದು, ಆದರೆ ಬೆಂಕಿಯಷ್ಟು ಬೇಗ ಬಿಗಿಯುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಮಟೆ ಕಾಯಿಸದೆ ಬಾರಿಸಬಹುದು ಎಂದು ಯಾರಾದರೂ ಹೇಳುತ್ತಾರೆ. ಅದನ್ನು ಮೆರವಣಿಗೆಗೆ ಇಟ್ಟುಕೊಳ್ಳಿ.

ಏಕತಾರಿ ಇದಕ್ಕೆ ತದ್ವಿರುದ್ಧ. ಅದರ ದನಿ ಎಷ್ಟು ಸಣ್ಣದೆಂದರೆ ಪಕ್ಕದವರ ಪಂಚೆಯ ಸರಸರವೂ ಅದರೊಡನೆ ಬರುತ್ತದೆ. ಬುರುಡೆಯ ಹತ್ತಿರ ಒಳ್ಳೆಯ ಕಂಡೆನ್ಸರ್ ಮೈಕ್ ಬೇಕು, ಗಂಜಿ ಹಾಕಿದ ಬಟ್ಟೆ ಬೇಡ. ಗಾಯಕರಿಗೆ ಮೈಕಿನಿಂದ ಒಂದು ಗೇಣು ದೂರ, ನಡುವೆ ಉಸಿರಿನ ಪೆಟ್ಟು ತಡೆಯುವ ಪಾಪ್ ಫಿಲ್ಟರ್. ಒಂದೇ ಹಾಲ್‌ನಲ್ಲಿ ಹಲವು ಮೈಕ್ ಇರುವಾಗ, ಬಾಯಿಗೂ ಮೈಕಿಗೂ ಇರುವ ಅಂತರದ ಮೂರರಷ್ಟಾದರೂ ಮೈಕ್ ಮೈಕುಗಳ ನಡುವೆ ಇರಲಿ.

ಬಳೆಗಳದು ಸೂಕ್ಷ್ಮದ ವಿಷಯ. ಮೊದಲ ಸಲ ಎಂಜಿನಿಯರ್ ಹುಡುಗ ಮೈಕಿನಲ್ಲಿ, "ಅಮ್ಮ, ಬಳೆ ತೆಗೆಯಿರಿ" ಎಂದು ಸಲೀಸಾಗಿ ಹೇಳಿಬಿಟ್ಟ. ಮುತ್ತೈದೆಯರು ಗಾಜಿನ ಬಳೆ ತೆಗೆಯುವುದಿಲ್ಲ. ಹಾಲ್‌ನಲ್ಲಿ ಗಾಳಿಯೇ ನಿಂತಂತಾಯಿತು. ಬಳೆಗಳನ್ನು ಮೇಲಕ್ಕೆ ಸರಿಸಿ ಕರವಸ್ತ್ರ ಸುತ್ತಿದರೆ ಸದ್ದೂ ಇಲ್ಲ, ಮುನಿಸೂ ಇಲ್ಲ. ನಾಲ್ಕು ಕರವಸ್ತ್ರ ನೀವೇ ಒಯ್ಯಿರಿ. ಕಾಲ್ಗೆಜ್ಜೆಗೂ ಅದೇ. ಮೊಬೈಲುಗಳು ಮಾತ್ರ ಎಲ್ಲರವೂ ಹೊರಗೆ.

7. ದಿನವನ್ನು ಹಂಚುವುದು

ಬೆಳಿಗ್ಗೆ ಒಂಬತ್ತಕ್ಕೆ ಸ್ಟುಡಿಯೋ ಎಂದರೆ ಹತ್ತೂವರೆಗೆ ಮೊದಲ ಟೇಕ್. ವಾದ್ಯಗಳು ಆ ಕೋಣೆಯ ಚಳಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬಿಡಿ, ಆಮೇಲೆ ಶ್ರುತಿ ಸೇರಿಸಿ. ಸುಲಭದ ಹಾಡಿನಿಂದ ಶುರುಮಾಡಿ. ಎಲ್ಲರ ಕೈಕಾಲು ಬಿಡಲಿ. ದಿನಕ್ಕೆ ಎರಡು ಹಾಡು ಸಾಕು, ಮೂರನೆಯದಕ್ಕೆ ಆಸೆಪಡಬೇಡಿ.

ಊಟ ಯೋಚಿಸಿ ತರಿಸಿ. ಎರಡು ಮುದ್ದೆ ಉಂಡು ಬಂದವರ ಉಸಿರು ಮೂರು ಗಂಟೆಯವರೆಗೂ ಮೇಲೇಳುವುದಿಲ್ಲ. ಮುದ್ದೆ ಬೇಡ ಎನ್ನಲು ನನಗೂ ಧೈರ್ಯವಿಲ್ಲ. ಊಟದ ನಂತರದ ಹೊತ್ತನ್ನು ಗೆಜ್ಜೆ, ತಾಳ ಸೇರಿಸುವ ಕೆಲಸಕ್ಕೆ ಇಟ್ಟುಕೊಂಡೆವು, ಗಾಯಕರು ಅಲ್ಲೇ ಚಾಪೆ ಮೇಲೆ ಒರಗಿದರು. ಬಿಸಿನೀರಿನ ಫ್ಲಾಸ್ಕ್ ಸದಾ ಇರಲಿ.

ಒಂದು ಹಾಡಿಗೆ ಪೂರ್ತಿ ಟೇಕ್ ಮೂರರಿಂದ ಐದು. ಐದರ ನಂತರ ಬರುವುದು ಸುಸ್ತು ಮಾತ್ರ. ಪ್ರತಿ ಟೇಕ್ ಮುಗಿದಾಗಲೂ ಎಲ್ಲರೂ ಕಂಟ್ರೋಲ್ ರೂಮಿಗೆ ನುಗ್ಗಿ ಕೇಳುತ್ತಾ ಕುಳಿತರೆ ದಿನ ಮುಗಿಯುತ್ತದೆ. ಒಬ್ಬರನ್ನು ಕಿವಿಯಾಗಿ ನೇಮಿಸಿ, ಅವರು ಗೋಡೆ ಹಾಳೆಯ ಮೇಲೆ 'ಟೇಕ್ 3, ಎರಡನೇ ಚರಣ ಚೆನ್ನ' ಎಂದು ಗುರುತು ಹಾಕಲಿ. ತಪ್ಪಿದ ಒಂದು ಸಾಲನ್ನು ಇನ್ನೊಂದು ಟೇಕಿನಿಂದ ತಂದು ಜೋಡಿಸಬಹುದು. ಲಯ ಏರುವ ಹಾಡಿನಲ್ಲಿ ಒಂದೇ ಜಾಗದ ಸಾಲನ್ನು ತರಬೇಕು, ಆರಂಭದ ಸೊಲ್ಲನ್ನು ಕೊನೆಗೆ ಅಂಟಿಸಿದರೆ ಕುಂಟುತ್ತದೆ. ಎಂಜಿನಿಯರಿಗೆ ನಮ್ಮ ಕಡೆಯ ತೆಲುಗು ತಿಳಿಯದಿದ್ದರೆ ಪದದ ಅರ್ಥ ಬಲ್ಲವರು ಪಕ್ಕದಲ್ಲಿ ಕುಳಿತಿರಬೇಕು. ನಮ್ಮ ಒಂದು ಪದದಲ್ಲಿ ಸಾಲಿನ ನಡುವೆಯೇ ಕತ್ತರಿ ಬಿದ್ದಿತ್ತು.

ಕೂಲಿ ಕಲಾವಿದರಿಗೆ ಅಂದಿನ ಹಣ ಅಂದೇ ಕೊಡಿ, ಬಸ್ ಚಾರ್ಜು ಬೇರೆ.

8. ಬ್ಯಾಕಪ್

48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ ಸುಮಾರು 8.6 ಎಂಬಿ ಜಾಗ ಬೇಕು. 16 ಮೈಕ್, ಆರು ನಿಮಿಷದ ಹಾಡು ಎಂದರೆ ಒಂದು ಟೇಕಿಗೆ 830 ಎಂಬಿ. ಏಳು ಹಾಡು, ನಾಲ್ಕು ಟೇಕ್ ಎಂದರೆ 23 ಜಿಬಿ. ಈಗಿನ ಕಾಲಕ್ಕೆ ಇದೇನೂ ದೊಡ್ಡದಲ್ಲ. ಆದರೂ ನಮ್ಮ ಮೊದಲ ಆಲ್ಬಂನ ಒಂದಿಡೀ ದಿನದ ಕೆಲಸ ಡಿಸ್ಕ್ ಕೆಟ್ಟು ಹೋಯಿತು, ಬೇರೆ ಪ್ರತಿ ಇರಲಿಲ್ಲ. ಅಂದಿನಿಂದ ಪ್ರತಿ ಸಂಜೆ ನಮ್ಮದೇ ಎರಡು ಹಾರ್ಡ್ ಡಿಸ್ಕ್‌ಗಳಿಗೆ ನಕಲಾಗುವವರೆಗೆ ನಾನು ಕುರ್ಚಿಯಿಂದ ಏಳುವುದಿಲ್ಲ, ಬಸ್ ತಪ್ಪಿದರೂ ಸರಿ.

9. ಮಿಕ್ಸ್

ಮುದ್ರಣ ಮುಗಿದ ಮಾರನೆಯ ದಿನವೇ, ಬಿಡಿ ಟ್ರ್ಯಾಕುಗಳನ್ನು ಹದವಾಗಿ ಬೆರೆಸುವ ಮಿಕ್ಸ್‌ಗೆ ಕೂರಬೇಡಿ. ಒಂದು ವಾರ ಕಿವಿಗೆ ರಜೆ ಕೊಡಿ.

ಎಂಜಿನಿಯರಿಗೆ ಮೂರು ಮಾತು ಮೊದಲೇ ಹೇಳಿ. ಒಂದು, ಶ್ರುತಿ ತಿದ್ದುವ ಸಾಫ್ಟ್‌ವೇರನ್ನು ನಮ್ಮ ಗಾಯನದ ಮೇಲೆ ಸುಮ್ಮನೆ ಹಾಯಿಸಬಾರದು. ಅದು ಹನ್ನೆರಡು ಸ್ವರದ ಮನೆಗಳನ್ನು ಮಾತ್ರ ಬಲ್ಲದು. ಹಾಡುಗಾರ್ತಿ ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವ ಹಾದಿ ಅದರ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ಎರಡು, ತಮಟೆಯನ್ನು ತಾಳದ ಗೆರೆಗಳಿಗೆ ಎಳೆದು ಕೂರಿಸಬಾರದು. ಮೂರು, ರಿವರ್ಬ್ (ಆಮೇಲೆ ಸೇರಿಸುವ ಅನುರಣನ) ಎಲ್ಲರಿಗೂ ಒಂದೇ ಕೋಣೆಯದಾಗಿರಲಿ. ಗಾಯಕರು ಗುಹೆಯಲ್ಲಿ, ಹಾರ್ಮೋನಿಯಂ ಅಡುಗೆಮನೆಯಲ್ಲಿ ಕುಳಿತಂತೆ ಆಗಬಾರದು.

ನೀವು ಕೊಡುವ ತಿದ್ದುಪಡಿಯೂ ಅವರಿಗೆ ಉಪಯೋಗವಾಗುವಂತಿರಲಿ. 'ಇನ್ನೂ ಸ್ವಲ್ಪ ಜೀವ ಬೇಕು' ಎಂದರೆ ಆತ ಏನು ಮಾಡಬೇಕು? '2 ನಿಮಿಷ 14 ಸೆಕೆಂಡಿನಲ್ಲಿ ಹಿಮ್ಮೇಳದ ದನಿ ಮುಖ್ಯ ಗಾಯನವನ್ನು ಮುಚ್ಚುತ್ತಿದೆ' ಎಂದು ಬರೆಯಿರಿ. ಎಂಟು ಜನ ಎಂಟು ಸಂದೇಶ ಕಳಿಸಿದರೆ ಪ್ರತಿಯೊಬ್ಬರೂ ತಮ್ಮ ವಾದ್ಯ ಜೋರು ಮಾಡಿ ಎಂದೇ ಕೇಳುತ್ತಾರೆ. ನಾನೂ ಕೇಳಿದ್ದೆ. ಒಟ್ಟಿಗೆ ಕುಳಿತು ಒಂದೇ ಪಟ್ಟಿ ಮಾಡಿ, ಒಬ್ಬರೇ ಕಳಿಸಿ. ಮೂರು ಸುತ್ತು ತಿದ್ದುಪಡಿಯವರೆಗೆ ಹೆಚ್ಚುವರಿ ಹಣವಿಲ್ಲ ಎಂದು ಮೊದಲೇ ಮಾತಾಗಿರಲಿ.

ಮಿಕ್ಸ್ ಕೇಳುವುದು ಸ್ಟುಡಿಯೋದ ದೊಡ್ಡ ಸ್ಪೀಕರಿನಲ್ಲಿ ಮಾತ್ರವಲ್ಲ. ಮೊಬೈಲಿನಲ್ಲಿ, ಕಾರಿನಲ್ಲಿ, ಆಟೋದ ಹಿಂದಿನ ಸ್ಪೀಕರಿನಲ್ಲಿ ಕೇಳಿ. ನಮ್ಮ ಎರಡನೆಯ ಆಲ್ಬಂನ ಮಿಕ್ಸನ್ನು ಹುಳು ಮನೆಯಲ್ಲೇ ಸಣ್ಣ ಸ್ಪೀಕರಿಗೆ ಹಾಕಿದಾಗ ತಮಟೆಯ ಅಣ್ಣ ಬಹಳ ಹೊತ್ತು ಸುಮ್ಮನಿದ್ದು, "ಬಾರಿಸಿದ್ದು ನಾನೇ, ಬಯಲು ಮಾತ್ರ ಕಾಣಿಸುತ್ತಿಲ್ಲ" ಎಂದ. ಹತ್ತಿರದ ಮೈಕನ್ನು ಇಳಿಸಿ ದೂರದ್ದನ್ನು ಏರಿಸಿದೆವು. ಎರಡು ಗಂಟೆಯ ಕೆಲಸ, ಆಲ್ಬಂನಲ್ಲಿ ನನಗೆ ಈಗಲೂ ಇಷ್ಟವಾಗುವುದು ಅದೇ.

10. ಮಾಸ್ಟರಿಂಗ್, ಬಿಡುಗಡೆ

ಬಿಡುಗಡೆಗೆ ಮೊದಲಿನ ಕೊನೆಯ ಹದವಾದ ಮಾಸ್ಟರಿಂಗನ್ನು ಮಿಕ್ಸ್ ಮಾಡಿದವರ ಕೈಗೆ ಕೊಡದೆ ಹೊಸ ಕಿವಿಯೊಂದಕ್ಕೆ ಕೊಡಿ. 'ಸಿನಿಮಾ ಹಾಡಿನಷ್ಟು ಜೋರಾಗಿರಲಿ' ಎಂದು ಕೇಳಬೇಡಿ. ಸ್ಪಾಟಿಫೈನಂಥ ಸೇವೆಗಳು ಹಾಡುಗಳನ್ನು, ಕಿವಿಗೆ ಕೇಳುವ ಜೋರನ್ನು ಅಳೆಯುವ ಲೆಕ್ಕದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಆಸುಪಾಸಿನ ಮಟ್ಟಕ್ಕೆ ತಾವೇ ತಂದುಕೊಳ್ಳುತ್ತವೆ. ಹಿಸುಕಿ ಜೋರು ಮಾಡಿದ್ದನ್ನು ಅವು ಮತ್ತೆ ಇಳಿಸುತ್ತವೆ, ಹಿಸುಕಿದ ಗಾಯ ಮಾತ್ರ ಉಳಿಯುತ್ತದೆ. ಶಿಖರ ಮೈನಸ್ 1 ಡೆಸಿಬಲ್ ದಾಟದಿರಲಿ.

ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ ಅಂಕೆಗಳ ಗುರುತು ಬೇಕು, ಹಾಡನ್ನು ಆ ಸೇವೆಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಮೂಲಕವೇ ಸಿಗುತ್ತದೆ. ಅದೇ ಹಾಡಿನ ಬೇರೆ ರೂಪಕ್ಕೆ ಬೇರೆ ಗುರುತು. ಹೆಸರುಗಳ ಕಾಗುಣಿತವನ್ನು ಒಮ್ಮೆ ತೀರ್ಮಾನಿಸಿ ಎಲ್ಲ ಕಡೆ ಹಾಗೇ ಬರೆಯಿರಿ. ಒಬ್ಬನೇ ಗಾಯಕ ಮೂರು ಕಾಗುಣಿತದಲ್ಲಿ ಮೂವರಾದರೆ ರಾಯಧನವೂ ಮೂರು ದಾರಿ ಹಿಡಿಯುತ್ತದೆ. ಸಾಹಿತ್ಯ, ಮಟ್ಟು ನಿಮ್ಮದೇ ಆಗಿದ್ದರೆ ಬರೆದವರ, ಮಟ್ಟು ಹಾಕಿದವರ ರಾಯಧನ ವಸೂಲಿ ಮಾಡಿ ಹಂಚುವ, 1969ರಿಂದ ಇರುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವ ಪಡೆಯಿರಿ. ಹಳೆಯ ಪದಗಳಿಗೆ 'ಸಾಂಪ್ರದಾಯಿಕ' ಎಂದಷ್ಟೇ ಬರೆದು ಕೈಬಿಡಬೇಡಿ. ಯಾವ ಊರಿನ ಯಾರ ಬಾಯಿಂದ ಕಲಿತಿರಿ ಎಂಬುದನ್ನೂ ಸೇರಿಸಿ. ಡೋಲಕ್ ಹೊತ್ತು ತಂದು ಎರಡೇ ಸಾಲಿಗೆ ದನಿಗೂಡಿಸಿದ ಹುಡುಗನ ಹೆಸರೂ ಇರಲಿ.

ಮಿಕ್ಸ್ ಆಗದ ಮೂಲ ಟ್ರ್ಯಾಕುಗಳು, ಮಿಕ್ಸ್, ಮಾಸ್ಟರ್, ಗೋಡೆ ಹಾಳೆಗಳ ಫೋಟೊ, ಸಹಿ ಹಾಕಿದ ಕಾಗದ ಎಲ್ಲವನ್ನೂ ಒಂದೇ ಹೆಸರಿನ ಫೋಲ್ಡರಿನಲ್ಲಿ ಹಾಕಿ. ನಮ್ಮ ಒಂದು ಡಿಸ್ಕ್ ನನ್ನ ಬೀರುವಿನಲ್ಲಿದೆ, ಇನ್ನೊಂದು ಚಿಂತಾಮಣಿಯಲ್ಲಿರುವ ಪಿಟೀಲಿನ ಮೇಷ್ಟ್ರ ಮನೆಯಲ್ಲಿ. ಪ್ರತಿ ವರ್ಷ ಯುಗಾದಿಗೆ ಮನೆ ಗುಡಿಸುವ ದಿನ ಇಬ್ಬರೂ ಅವನ್ನು ಕಂಪ್ಯೂಟರಿಗೆ ಹಾಕಿ, ತೆರೆಯುತ್ತವೆಯೇ ಎಂದು ನೋಡಿ ಫೋನ್ ಮಾಡಿಕೊಳ್ಳುತ್ತೇವೆ.